ಗಣಕವನ್ನು ತಂಪಾಗಿಡುವ ಬಗೆ

ಬೇಸಿಗೆಯ ಒಂದು ಮಧ್ಯಾಹ್ನ. ಸರಕು ಹೇರಿಕೊಂಡ ಲಾರಿಯೊಂದು ಘಟ್ಟದ ತಿರುವುಗಳನ್ನೆಲ್ಲ ಹತ್ತಿ ಮೇಲೆ ಬಂದು ನಿಂತಿದೆ. ಅದರ ಮುಂಭಾಗದಿಂದ ಆವಿ ಏಳುತ್ತಿದೆ. ಕ್ಲೀನರು ಕೊಡದಲ್ಲಿ ನೀರು ತಂದಿಟ್ಟುಕೊಂಡು ಕಾಯುತ್ತಿದ್ದಾನೆ. ಎಂಜಿನು ತಣಿಯುವವರೆಗೆ ರೇಡಿಯೇಟರಿನ ಮುಚ್ಚಳವನ್ನು ತೆಗೆಯಬಾರದೆಂಬುದು ಅವನಿಗೆ ಗೊತ್ತು. ಅದೇ ದಾರಿಯಲ್ಲಿ ಮೋಟಾರ್ ಸೈಕಲ್ ಸವಾರನೊಬ್ಬನು ನಿಲ್ಲದೆ ಸಾಗಿಹೋಗುತ್ತಾನೆ. ಅವನ ವಾಹನಕ್ಕೆ ನೀರಿನ ಹಂಗಿಲ್ಲ. ಅದರ ಎಂಜಿನಿನ ಸುತ್ತ ಲೋಹದ ತೆಳು ಪದರಗಳಿವೆ. ಎದುರಿನಿಂದ ಬೀಸುವ ಗಾಳಿಯೇ ಅವುಗಳ ಶಾಖವನ್ನು ಒಯ್ಯುತ್ತದೆ. ಒಂದು ನೀರಿನಿಂದ ತಣಿಯುವ ಯಂತ್ರ, ಇನ್ನೊಂದು ಗಾಳಿಯಿಂದ ತಣಿಯುವ ಯಂತ್ರ. ಇವೆರಡರಲ್ಲಿ ಯಾವುದು ಹೆಚ್ಚು ನೆಚ್ಚಿಕೆಗೆ ಯೋಗ್ಯವಾದುದು? ಈ ಪ್ರಶ್ನೆಯು ಇಂದು ಮೇಜಿನ ಮೇಲಿರುವ ಗಣಕಯಂತ್ರದ ವಿಷಯದಲ್ಲಿಯೂ ಎದ್ದಿದೆ.

ಗಣಕದ ಲೆಕ್ಕಾಚಾರವೆಲ್ಲ ನಡೆಯುವುದು ಸಂಸ್ಕಾರಕ ಎಂಬ ಭಾಗದಲ್ಲಿ. ಇದನ್ನೇ ಬಳಕೆಯ ಮಾತಿನಲ್ಲಿ ಪ್ರೊಸೆಸರ್ ಎನ್ನುತ್ತಾರೆ. ಅದು ಬಳಸಿಕೊಂಡ ವಿದ್ಯುಚ್ಛಕ್ತಿಯು ಕಟ್ಟಕಡೆಗೆ ಶಾಖವಾಗಿ ಪರಿಣಮಿಸುತ್ತದೆ. ಸಾಮಾನ್ಯ ಗಣಕದ ಸಂಸ್ಕಾರಕವು ಸುಮಾರು 65 ವ್ಯಾಟ್ ವಿದ್ಯುತ್ತನ್ನು ಬಳಸಿದರೆ, ಬಲಶಾಲಿಯಾದ ಸಂಸ್ಕಾರಕಗಳು 200 ವ್ಯಾಟನ್ನೂ ಮೀರುತ್ತವೆ. ಇಸ್ತ್ರಿಪೆಟ್ಟಿಗೆಯು 1,000 ವ್ಯಾಟ್ ಬಳಸುವುದಾದರೂ ಆ ಶಾಖವು ಅದರ ಅಗಲವಾದ ತಳದ ಮೇಲೆಲ್ಲ ಹರಡಿಕೊಳ್ಳುತ್ತದೆ. ಸಂಸ್ಕಾರಕದ ಸಿಲಿಕಾನ್ ಬಿಲ್ಲೆಯಾದರೋ ಸುಮಾರು ಹೆಬ್ಬೆರಳಿನ ಉಗುರಿನಷ್ಟಿರುತ್ತದೆ. ಒಂದೊಂದು ಚದರ ಸೆಂಟಿಮೀಟರಿನ ಲೆಕ್ಕ ಹಿಡಿದರೆ ಇಸ್ತ್ರಿಪೆಟ್ಟಿಗೆಗಿಂತ ಅದು ಹಲವು ಪಟ್ಟು ಹೆಚ್ಚು ಶಾಖವನ್ನು ಹೊರಸೂಸುತ್ತದೆ. ಈ ಶಾಖವನ್ನು ತೆಗೆಯದಿದ್ದರೆ ಅದರ ತಾಪವು ಬೇಗನೆ 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಏರುತ್ತದೆ. ಆಗ ಸಂಸ್ಕಾರಕವು ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಾಪವು ಇನ್ನೂ ಏರಿದರೆ ಯಂತ್ರವು ಥಟ್ಟನೆ ನಿಂತುಹೋಗುತ್ತದೆ. ಉಳಿಸಿಡದ ಕೆಲಸವೆಲ್ಲ ನಷ್ಟವಾಗುತ್ತದೆ.

ಈ ಸಮಸ್ಯೆಯು ಹೊಸದಲ್ಲ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಎನಿಯಾಕ್ ಎಂಬ ಗಣಕವನ್ನು ಜನರ ಮುಂದಿಟ್ಟರು. ಅದರಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಅವು ಬಳಸುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ಅಷ್ಟು ಶಾಖವನ್ನು ಹೊರದೂಡಲು ಗಾಳಿ ಊದುವ ದೊಡ್ಡ ಯಂತ್ರಗಳು ಬೇಕಾಗಿದ್ದವು. ನಳಿಕೆಗಳು ಹೆಚ್ಚಾಗಿ ಕೆಡುತ್ತಿದ್ದುದು ಯಂತ್ರವು ಬಿಸಿಯೇರುವ ಮತ್ತು ಆರುವ ಹೊತ್ತಿನಲ್ಲಿ. ಆದಕಾರಣ ಅದನ್ನು ಆದಷ್ಟೂ ನಿಲ್ಲಿಸದೆ ನಡೆಸುತ್ತಿದ್ದರು. ಹಾಗಿದ್ದರೂ ಸುಮಾರು ಎರಡು ದಿನಕ್ಕೊಂದು ನಳಿಕೆ ಕೆಡುತ್ತಿತ್ತು. ಆದರೆ ಕೆಟ್ಟಿರುವುದು ಎಲ್ಲಿ ಎಂಬುದನ್ನು ಕಾಲು ಗಂಟೆಯೊಳಗೆ ಕಂಡುಹಿಡಿಯುತ್ತಿದ್ದುದಾಗಿ ಅದರ ನಿರ್ಮಾಪಕರಲ್ಲಿ ಒಬ್ಬರಾದ ಪ್ರೆಸ್ಪರ್ ಎಕರ್ಟರು ಹೇಳಿದ್ದಾರೆ. ಎಂದಿಗೂ ಕೆಡದ ಯಂತ್ರವನ್ನು ಯಾರೂ ಮಾಡಿಲ್ಲ. ಅಪರೂಪಕ್ಕೆ ಕೆಡುವ, ಕೆಟ್ಟರೆ ಕಾಣುವ, ಕಂಡರೆ ಬೇಗ ಸರಿಪಡಿಸಬಹುದಾದ ಯಂತ್ರವನ್ನೇ ನೆಚ್ಚಬಹುದು. ಶೀತಕಗಳನ್ನು, ಅಂದರೆ ಶಾಖ ತೆಗೆಯುವ ಕೂಲರುಗಳನ್ನು, ತೂಗಿನೋಡುವುದಕ್ಕೂ ಈ ಮಾತೇ ಅಳತೆಗೋಲು.

ಮೊದಲು ಗಾಳಿ ಶೀತಕದ ರಚನೆಯನ್ನು ನೋಡಬಹುದು. ಸಂಸ್ಕಾರಕದ ಮೇಲೆ ಲೋಹದ ತಳವೊಂದು ಒತ್ತಿ ಕುಳಿತಿರುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯದಂತೆ ಉಷ್ಣವಾಹಕ ಲೇಪವನ್ನು ಸವರಿರುತ್ತಾರೆ. ತಳದಿಂದ ತಾಮ್ರದ ಕೊಳವೆಗಳು ಮೇಲೆದ್ದು, ಒತ್ತೊತ್ತಾಗಿ ಜೋಡಿಸಿದ ಅಲ್ಯೂಮಿನಿಯಂ ತಗಡುಗಳ ಮೂಲಕ ಹಾಯುತ್ತವೆ. ತಗಡುಗಳ ಪಕ್ಕದಲ್ಲಿ ಫ್ಯಾನು ತಿರುಗುತ್ತದೆ. ಆ ಕೊಳವೆಗಳ ಒಳಗೆ ಗಾಳಿಯನ್ನು ಹೊರತೆಗೆದು ಸ್ವಲ್ಪ ನೀರನ್ನಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ಆ ನೀರು ಅಲ್ಪ ತಾಪದಲ್ಲಿಯೇ ಆವಿಯಾಗಿ ತಂಪಾದ ತುದಿಗೆ ಹೋಗುತ್ತದೆ. ಅಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಹೀರುವ ಹಾಗೆ, ಕೊಳವೆಯ ಒಳಮೈಯ ರಂಧ್ರಮಯ ಪದರವು ಆ ನೀರನ್ನು ಹೀರಿ ಬಿಸಿಯಾದ ತುದಿಗೆ ಹಿಂದಿರುಗಿಸುತ್ತದೆ. ಇಂಥ ಕೊಳವೆಯನ್ನು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ರೂಪಿಸಿದರು. ಅದರೊಳಗಿನ ನೀರನ್ನು ಓಡಿಸಲು ಯಾವ ಪಂಪೂ ಬೇಡ.

ದ್ರವ ಶೀತಕದ ರಚನೆ ಬೇರೆ. ಸಂಸ್ಕಾರಕದ ಮೇಲೆ ಕೂರುವ ತಾಮ್ರದ ಫಲಕದೊಳಗೆ ದ್ರವವು ಹರಿಯುತ್ತದೆ. ಪಂಪೊಂದು ಅದನ್ನು ರಬ್ಬರ್ ಕೊಳವೆಗಳ ಮೂಲಕ ರೇಡಿಯೇಟರಿಗೆ ತಳ್ಳುತ್ತದೆ. ರೇಡಿಯೇಟರಿನ ಮೇಲೆ ಫ್ಯಾನುಗಳಿರುತ್ತವೆ. ತಣಿದ ದ್ರವವು ಮತ್ತೆ ಸಂಸ್ಕಾರಕದ ಬಳಿಗೆ ಬರುತ್ತದೆ. ಸಮ ಗಾತ್ರದ ಗಾಳಿ ಮತ್ತು ನೀರನ್ನು ಒಂದೇ ಪ್ರಮಾಣದಲ್ಲಿ ಬಿಸಿಮಾಡಿದರೆ, ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೀರಿಕೊಳ್ಳುತ್ತದೆ. ಇದರ ಹಿರಿಮೆ ಇರುವುದು ಇಲ್ಲಿಯೇ. ಇಕ್ಕಟ್ಟಾದ ಜಾಗದಿಂದ ಬಹಳ ಶಾಖವನ್ನು ದೂರಕ್ಕೆ ಒಯ್ಯುವುದಕ್ಕೆ ದ್ರವವೇ ತಕ್ಕ ವಾಹಕ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗಾಳಿ ಶೀತಕದಲ್ಲಿಯೂ ನೀರು ಇದೆ. ದ್ರವ ಶೀತಕದಲ್ಲಿಯೂ ಗಾಳಿಯ ಕೆಲಸವಿದೆ. ಎರಡೂ ತಮ್ಮ ಶಾಖವನ್ನು ಕೊನೆಗೆ ಒಪ್ಪಿಸುವುದು ಕೋಣೆಯ ಗಾಳಿಗೇ. ಹೀಗಿರುವಲ್ಲಿ ಗಾಳಿ ಶೀತಕದಲ್ಲಿ ಕೆಡಬಹುದಾದ ಫ್ಯಾನು, ಕಟ್ಟಿಕೊಳ್ಳಬಹುದಾದ ತಗಡು, ಒಣಗಬಹುದಾದ ಲೇಪ ಇವೆಲ್ಲವೂ ದ್ರವ ಶೀತಕದಲ್ಲಿಯೂ ಉಂಟು. ಅವುಗಳ ಜೊತೆಗೆ ಪಂಪು, ಕೊಳವೆ, ಜೋಡಣೆಯ ಬಾಯಿ ಮತ್ತು ದ್ರವ ಎಂಬ ನಾಲ್ಕು ಭಾಗಗಳು ಹೆಚ್ಚಾಗಿ ಸೇರಿಕೊಳ್ಳುತ್ತವೆ.

ಗಾಳಿ ಶೀತಕದ ದೊಡ್ಡ ಶತ್ರು ಧೂಳು. ತಗಡುಗಳ ನಡುವೆ ಧೂಳು ಸೇರಿದರೆ ಗಾಳಿಯ ದಾರಿ ಕಟ್ಟುತ್ತದೆ. ಅದನ್ನು ತೆಗೆಯುವುದು ಸುಲಭ. ವಿದ್ಯುತ್ ಸಂಪರ್ಕವನ್ನು ಕಳಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು, ಮೃದುವಾದ ಕುಂಚದಿಂದಲೂ ಗಾಳಿಯ ಊದುಗದಿಂದಲೂ ಶುಚಿಮಾಡಬಹುದು. ಕೆಲವು ವರ್ಷಗಳಿಗೊಮ್ಮೆ ಹಳೆಯ ಲೇಪವನ್ನು ಒರೆಸಿ, ತೊಗರಿಕಾಳಿನಷ್ಟು ಹೊಸ ಲೇಪವನ್ನು ಹಾಕಿದರೆ ಸಾಕು. ಫ್ಯಾನಿನ ಬೇರಿಂಗ್ ಸವೆದರೆ ಅದು ಗೊರಗೊರ ಸದ್ದು ಮಾಡಿ ಮುನ್ಸೂಚನೆ ಕೊಡುತ್ತದೆ. ಅದು ನಿಂತರೂ ತಗಡುಗಳು ಒಂದಿಷ್ಟು ಶಾಖವನ್ನು ಬಿಡುತ್ತಲೇ ಇರುವುದರಿಂದ, ಯಂತ್ರವು ವೇಗ ತಗ್ಗಿಸಿಕೊಂಡು ಕುಂಟುತ್ತಲಾದರೂ ನಡೆಯುವುದುಂಟು. ಹೊಸ ಫ್ಯಾನನ್ನು ಹಾಕಿದರೆ ಶೀತಕವು ಮತ್ತೆ ಹೊಸದರಂತಾಗುತ್ತದೆ. ಇದಕ್ಕೂ ಒಂದು ಕುಂದಿದೆ. ದೊಡ್ಡ ಗಾಳಿ ಶೀತಕಗಳು ಒಂದು ಕಿಲೋಗ್ರಾಂಗಿಂತಲೂ ಹೆಚ್ಚು ತೂಗುವುದರಿಂದ, ಗಣಕವನ್ನು ವಾಹನದಲ್ಲಿ ದೂರ ಸಾಗಿಸುವಾಗ ಅವುಗಳನ್ನು ಬಿಚ್ಚಿಡುವುದು ಒಳ್ಳೆಯದು.

ದ್ರವ ಶೀತಕದ ದೋಷಗಳು ಹೀಗೆ ಕಣ್ಣಿಗೆ ಬೀಳುವಂಥವಲ್ಲ. ಪಂಪು ನಿಂತರೂ ರೇಡಿಯೇಟರಿನ ಫ್ಯಾನುಗಳು ತಿರುಗುತ್ತಲೇ ಇರುತ್ತವೆ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಒಳಗೆ ಸಂಸ್ಕಾರಕವು ಕುದಿಯುತ್ತಿರುವಾಗ ರೇಡಿಯೇಟರ್ ತಣ್ಣಗಿರುತ್ತದೆ. ಅದೇ ದೋಷದ ಗುರುತು. ಇದಲ್ಲದೆ ದ್ರವವು ರಬ್ಬರ್ ಕೊಳವೆಯ ಗೋಡೆಯ ಮೂಲಕ ವರ್ಷವರ್ಷವೂ ತುಸುತುಸುವೇ ಹೊರಗೆ ಇಂಗಿಹೋಗುತ್ತದೆ. ಕಡಿಮೆಯಾದ ದ್ರವದ ಜಾಗದಲ್ಲಿ ಗಾಳಿಯ ಗುಳ್ಳೆ ಸೇರುತ್ತದೆ. ಆ ಗುಳ್ಳೆಯು ಪಂಪಿನಲ್ಲಿ ಸಿಕ್ಕಿಕೊಳ್ಳದಂತೆ ರೇಡಿಯೇಟರಿನ ಮೇಲ್ತುದಿಯನ್ನು ಪಂಪಿಗಿಂತ ಎತ್ತರದಲ್ಲಿಡಬೇಕು. ಸೋರಿಕೆಯು ಅಪರೂಪ; ಆದರೆ ಸಂಭವಿಸಿದರೆ ನಷ್ಟವು ಶೀತಕಕ್ಕಷ್ಟೇ ನಿಲ್ಲುವುದಿಲ್ಲ. 2004ರಲ್ಲಿ ಆಪಲ್ ಕಂಪನಿಯು ದ್ರವ ಶೀತಕವಿದ್ದ ಪವರ್ ಮ್ಯಾಕ್ ಗಣಕವನ್ನು ಮಾರಾಟಕ್ಕೆ ತಂದಿತು. ಅಂಥ ಕೆಲವು ಯಂತ್ರಗಳಲ್ಲಿ ತರುವಾಯ ದ್ರವವು ಸೋರಿ ಒಳಗಿನ ಬೇರೆ ಭಾಗಗಳೂ ಹಾಳಾದುವು. ಕಾರ್ಖಾನೆಯಲ್ಲಿಯೇ ಮುಚ್ಚಿ ಕಳುಹಿಸುವ ದ್ರವ ಶೀತಕಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿ ಬಿಚ್ಚಿ ದ್ರವ ತುಂಬುವಂತಿಲ್ಲ. ಪಂಪು ಕೆಟ್ಟರೆ ಇಡೀ ಸಾಧನವನ್ನೇ ಬದಲಿಸಬೇಕಾಗುತ್ತದೆ.

ಪಂಪಿನ ಸರಾಸರಿ ಬಾಳಿಕೆ 50,000 ಗಂಟೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆಯೆಂದು ಭಾವಿಸೋಣ. ವರ್ಷಕ್ಕೆ 8,760 ಗಂಟೆಗಳು. ಹಗಲಿರುಳೂ ನಡೆದರೆ ಅದು ಐದೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚಾಯಿತು. ಆದರೆ ಇದು ಸರಾಸರಿ. ಒಂದು ಪಂಪು ಮೊದಲ ವರ್ಷದಲ್ಲಿಯೇ ನಿಲ್ಲಬಹುದು, ಇನ್ನೊಂದು ಹತ್ತು ವರ್ಷ ಬಾಳಬಹುದು. ದಿನಕ್ಕೆ ನಾಲ್ಕೇ ಗಂಟೆ ನಡೆಯುವ ಗಣಕದ ಪಂಪು ಲೆಕ್ಕದ ಪ್ರಕಾರ ಮೂವತ್ತು ವರ್ಷಕ್ಕೂ ಮೀರಿ ಬಾಳಬೇಕು. ಹಾಗೆಂದು ನಂಬಲಾಗದು. ಪಂಪು ಸವೆಯುವುದು ಓಡಿದ ಗಂಟೆಗಳಿಂದ. ರಬ್ಬರು ಹಳತಾಗುವುದು ಕಳೆದ ವರ್ಷಗಳಿಂದ. ಯಂತ್ರವನ್ನು ಮುಚ್ಚಿಟ್ಟರೂ ದ್ರವವು ಇಂಗುತ್ತಲೇ ಇರುತ್ತದೆ.

ಹಾಗಾದರೆ ದ್ರವ ಶೀತಕವು ಬೇಡವೆಂದು ತೀರ್ಮಾನಿಸಬೇಕೆ? ಅದೂ ಸರಿಯಲ್ಲ. ಐ.ಬಿ.ಎಂ. ಕಂಪನಿಯು 1980ರಲ್ಲಿ ಪ್ರಕಟಿಸಿದ 3081 ಎಂಬ ಗಣಕವು ತಣ್ಣೀರಿನಿಂದಲೇ ತಣಿಯುತ್ತಿತ್ತು. 1985ರ ಕ್ರೇ-2 ಗಣಕದಲ್ಲಿ ವಿದ್ಯುತ್ತು ಹಾಯದ ದ್ರವವೊಂದರಲ್ಲಿ ಒಳಭಾಗಗಳನ್ನೇ ಮುಳುಗಿಸಿದ್ದರು. 2022ರಲ್ಲಿ ಜಗತ್ತಿನ ಅತಿ ವೇಗದ ಗಣಕವೆನಿಸಿದ ಅಮೆರಿಕದ ಫ್ರಾಂಟಿಯರ್ ಕೂಡ ನೀರಿನಿಂದ ತಣಿಯುವಂಥದೇ. ಅಂಥ ಮಹಾಯಂತ್ರಗಳ ಶಾಖವನ್ನು ಗಾಳಿಯೊಂದೇ ಹೊರಲಾರದು. ಅಲ್ಲಿ ತಾಪವನ್ನೂ ದ್ರವದ ಹರಿವನ್ನೂ ಎಡೆಬಿಡದೆ ಗಮನಿಸುವ ಏರ್ಪಾಡಿರುತ್ತದೆ. ಕೆಟ್ಟದ್ದನ್ನು ಬದಲಿಸಬಲ್ಲ ನುರಿತ ಸಿಬ್ಬಂದಿಯೂ ಇರುತ್ತಾರೆ. ಮನೆಯಲ್ಲಿಯೂ ಚಲನಚಿತ್ರ ಸಂಕಲನದಂಥ ಭಾರವಾದ ಕೆಲಸವನ್ನು ತಾಸುಗಟ್ಟಲೆ ಮಾಡುವವರಿಗೆ ದ್ರವ ಶೀತಕವು ಉಪಯುಕ್ತವಾಗಬಹುದು.

ಆದರೆ ದೂರದ ಹಳ್ಳಿಯೊಂದರ ಶಾಲೆಯನ್ನು ಕಲ್ಪಿಸಿಕೊಳ್ಳಬೇಕು. ಪರೀಕ್ಷೆಗೆ ನಾಲ್ಕು ದಿನವಿರುವಾಗ ಅಲ್ಲಿನ ಗಣಕವು ಬಿಸಿಯಾಗಿ ನಿಂತಿತು. ಕೆಟ್ಟಿರುವುದು ಫ್ಯಾನಾದರೆ ಹತ್ತಿರದ ಪೇಟೆಯಿಂದ ತಂದು ಸಂಜೆಯೊಳಗೆ ಜೋಡಿಸಬಹುದು. ಮುಚ್ಚಿದ ಪಂಪಾದರೆ ನಗರದಿಂದ ಇಡೀ ಶೀತಕ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಅಲ್ಲಿಗೆ ಗಾಳಿ ಶೀತಕವೇ ಒಪ್ಪುವಂಥದು. ಹೊರಬೇಕಾದ ಶಾಖವೆಷ್ಟು, ಕೆಟ್ಟಾಗ ಸರಿಪಡಿಸುವ ಕೈಗಳೆಲ್ಲಿವೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡೇ ಸಾಧನವನ್ನು ಆರಿಸಬೇಕು.

ಆರಿಸಿದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆ ಉಳಿದೇ ಇರುತ್ತದೆ. ಘಟ್ಟದ ಮೇಲೆ ನಿಂತ ಲಾರಿಯು ಮತ್ತೆ ಹೊರಡುವುದು ಅದರ ಕ್ಲೀನರು ಕೊಡವನ್ನು ಮರೆಯದೆ ತಂದಿರುವುದರಿಂದ. ವರ್ಷಕ್ಕೆರಡು ಬಾರಿ ಗಣಕದ ಮುಚ್ಚಳವನ್ನು ತೆರೆದು ಧೂಳು ಕೊಡವುವ, ಅದರ ಸದ್ದಿಗೆ ಕಿವಿಗೊಡುವ, ತಾಪದ ಅಂಕಿಯನ್ನು ಆಗಾಗ ನೋಡುವ ಮನುಷ್ಯನಿದ್ದರೆ ಎರಡು ಬಗೆಯ ಶೀತಕಗಳೂ ಹೆಚ್ಚು ಕಾಲ ಬಾಳುತ್ತವೆ.