ಏಕಾಂಕ ಮತ್ತು ಗೀತನಾಟಕ: ಒಂದು ಸಂಜೆಯ ಅಭ್ಯಾಸ

ನಾಟಕವನ್ನು ನಮ್ಮ ಪ್ರಾಚೀನರು ದೃಶ್ಯಕಾವ್ಯವೆಂದು ಕರೆದರು. ಓದಿದಾಗ ಅರೆಬಿರಿದು, ಆಡಿದಾಗ ಪೂರ್ಣವಾಗಿ ಅರಳುವುದು ಅದರ ಸ್ವಭಾವ. ಶಾಲೆಯ ವಾರ್ಷಿಕೋತ್ಸವದ ಸಂಜೆ ಕೈಲಾಸಂ ಅವರ ‘ಟೊಳ್ಳುಗಟ್ಟಿ’, ಕುವೆಂಪು ಅವರ ‘ಜಲಗಾರ’ ಹಾಗೂ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದ ಒಂದು ಭಾಗ ಒಂದರ ಹಿಂದೊಂದು ರಂಗವೇರಿದುವೆಂದು ಭಾವಿಸೋಣ. ಇವನ್ನು ವಿನೋದಕ್ಕಾಗಿ ನೋಡಿ ಮರೆಯಲೂಬಹುದು. ಅಭ್ಯಾಸದೃಷ್ಟಿಯಿಂದ ನೋಡಿ ಬೆಳೆಯಲೂಬಹುದು.

ಏಕಾಂಕವು ದೊಡ್ಡ ನಾಟಕದ ಸಂಕ್ಷೇಪವಲ್ಲ. ಇರುಳೆಲ್ಲ ನಡೆಯುತ್ತಿದ್ದ ಕಂಪನಿ ನಾಟಕಗಳಲ್ಲಿ ಉಪಕಥೆಗೂ ಹಾಸ್ಯಪ್ರಸಂಗಕ್ಕೂ ಧಾರಾಳವಾಗಿ ಎಡೆಯಿತ್ತು. ಏಕಾಂಕಕ್ಕೆ ಅಂತಹ ಬಿಡುವಿಲ್ಲ. ಬಾಳಿನ ಒಂದು ಸಂದಿಗ್ಧ ಕ್ಷಣವನ್ನು ಆರಿಸಿಕೊಂಡು, ಅದರ ಬೆಳಕಿನಲ್ಲಿ ಇಡೀ ಬಾಳನ್ನು ತೋರಿಸುವುದೇ ಅದರ ಗುರಿ.

‘ಟೊಳ್ಳುಗಟ್ಟಿ’ಯಲ್ಲಿ ಅಣ್ಣತಮ್ಮಂದಿರಿಬ್ಬರು. ಪುಟ್ಟು ಪರೀಕ್ಷೆಯಲ್ಲಿ ಮುಂದು. ಮಾಧು ಅಂಕಗಳಲ್ಲಿ ಹಿಂದು, ಪರರ ಕಷ್ಟಕ್ಕೆ ಒದಗುವುದರಲ್ಲಿ ಮುಂದು. ಇವರಲ್ಲಿ ಟೊಳ್ಳು ಯಾವುದು, ಗಟ್ಟಿ ಯಾವುದು? ಮನೆಮಾತಿನ ಕನ್ನಡದಲ್ಲಿಯೇ ಕೈಲಾಸಂ ಈ ಪ್ರಶ್ನೆಯನ್ನು ನಗಿಸುತ್ತ ಕೇಳುತ್ತಾರೆ. ಬಹುಮಾನ ವಿತರಣೆ ನಡೆದ ವೇದಿಕೆಯ ಮೇಲೆಯೇ ಈ ನಾಟಕ ನಡೆದಾಗ, ಆ ಪ್ರಶ್ನೆ ವಿದ್ಯಾರ್ಥಿಗಳಿಗಿಂತ ಮೊದಲು ಪೋಷಕರಿಗೂ ಅಧ್ಯಾಪಕರಿಗೂ ತಟ್ಟಬೇಕು.

1928ರಲ್ಲಿ ಪ್ರಕಟವಾದ ‘ಜಲಗಾರ’ದ ಧಾಟಿ ಬೇರೆ. ಜನರು ಶಿವಾಲಯಕ್ಕೆ ಹೋಗುತ್ತಿರಲು ಜಲಗಾರನೊಬ್ಬನು ಬೀದಿ ಗುಡಿಸುತ್ತ ಉಳಿಯುತ್ತಾನೆ. ಕೊನೆಗೆ ಶಿವನೇ ಜಲಗಾರನ ರೂಪದಿಂದ ಅವನೆಡೆಗೆ ಬರುತ್ತಾನೆ. ನಾಟಕದ ಸಾರವೆಲ್ಲ ಆ ಕೊನೆಯ ಭೇಟಿಯಲ್ಲಿದೆ. ಭಾಷಣಗಳು ದೀರ್ಘವಾದುವೆಂದು ಅಂತ್ಯದೃಶ್ಯವನ್ನು ಕತ್ತರಿಸುವ ರೂಢಿ ಕೆಲವೆಡೆ ಉಂಟು. ಇಂತಹ ಕೃತಿಯಲ್ಲಿ ಹಾಗೆ ಮಾಡಿದರೆ ಮರವನ್ನು ನೆಟ್ಟು ಫಲವನ್ನು ಕಿತ್ತೆಸೆದಂತೆ. ಏಕಾಂಕದಲ್ಲಿ ಬಿಡಬಹುದಾದ ಭಾಗವೆಂಬುದೇ ಇಲ್ಲ.

ಗೀತನಾಟಕದ ಮಾರ್ಗ ಮತ್ತೊಂದು. ಸಾಮಾನ್ಯ ನಾಟಕದಲ್ಲಿ ಎಷ್ಟೋ ವೇಳೆ ಕಥೆ ನಿಂತು ಹಾಡು ಬರುತ್ತದೆ. ಗೀತನಾಟಕದಲ್ಲಿ ಹಾಡೇ ಕಥೆಯನ್ನು ನಡೆಸುತ್ತದೆ. ಅಕ್ರೂರನೊಡನೆ ಕೃಷ್ಣನು ಮಥುರೆಗೆ ಹೊರಡುವುದಷ್ಟೇ ‘ಗೋಕುಲ ನಿರ್ಗಮನ’ದ ಘಟನೆ. ಆದರೆ ಅಗಲಿಕೆಯ ನೋವನ್ನು ವಿವರಿಸಲು ಮಾತು ಸೋಲುವಲ್ಲಿ ರಾಗವು ಕೈಹಿಡಿಯುತ್ತದೆ. ಬಿ. ವಿ. ಕಾರಂತರು ಇದನ್ನು ರಂಗಕ್ಕೆ ತಂದು, ಗೀತನಾಟಕವು ಕೇವಲ ಓದುವ ಪದ್ಯವಲ್ಲವೆಂಬುದನ್ನು ತೋರಿಸಿಕೊಟ್ಟರು. ಇಲ್ಲಿ ಪ್ರೇಕ್ಷಕನು ಕಣ್ಣಿನಷ್ಟೇ ಕಿವಿಯನ್ನೂ ತೆರೆದಿರಬೇಕು. ವಾದ್ಯಗಳ ಅಬ್ಬರದಲ್ಲಿ ಸಾಹಿತ್ಯ ಮುಳುಗಿದರೆ ಕಥೆಯೇ ಮುಳುಗಿದಂತೆ.

ನಾಟಕ ಮುಗಿದು ತೆರೆ ಬಿದ್ದೊಡನೆ ನಮ್ಮ ಕರ್ತವ್ಯ ಮುಗಿಯದು. ಮರುದಿನ ತರಗತಿಯಲ್ಲಿ ಅಧ್ಯಾಪಕರು ಮೂರು ಪ್ರಶ್ನೆಗಳನ್ನು ಕೇಳಲಿ: ನಾಟಕಕಾರನು ಆರಿಸಿಕೊಂಡ ಕ್ಷಣ ಯಾವುದು? ಆ ಕ್ಷಣದಲ್ಲಿ ಯಾರು ಬದಲಾದರು? ನೋಡಿದ ನಾವು ಬದಲಾದೆವೆ? ಮೊದಲೆರಡಕ್ಕೆ ಉತ್ತರವನ್ನು ಪುಸ್ತಕದಲ್ಲಿ ಹುಡುಕಬಹುದು. ಮೂರನೆಯದಕ್ಕೆ ಅಂಕಗಳಿಲ್ಲ, ಆದರೆ ರಂಗಭೂಮಿಯು ನಮ್ಮಿಂದ ಬಯಸುವ ಉತ್ತರ ಅದೊಂದೇ.