ಜ್ವರದ ಬೆನ್ನಿಗೆ ಹೊಟ್ಟೆನೋವು: ಆಪರೇಷನ್‌ಗೆ ಮುಂಚೆ ಓದಿ

ಡೆಂಗಿ ಜ್ವರದಲ್ಲಿ ಕೆಲವರಿಗೆ ರಕ್ತನಾಳಗಳಿಂದ ನೀರಿನಂಶ ಸೋರಿ ಹೊಟ್ಟೆಯೊಳಗೆ ಸೇರುತ್ತದೆ, ಪಿತ್ತಕೋಶದ ಗೋಡೆ ಊದುತ್ತದೆ, ಲಿವರ್ ಹಿಗ್ಗುತ್ತದೆ. ಮೇಲ್ನೋಟಕ್ಕೆ ಅಪೆಂಡಿಕ್ಸೋ ಪಿತ್ತಕೋಶದ ಸೋಂಕೋ ಅನ್ನಿಸುತ್ತದೆ. ಆದರೆ ಡೆಂಗಿಯಿಂದ ಪ್ಲೇಟ್‌ಲೆಟ್ ಕುಸಿದವರಿಗೆ ಆಪರೇಷನ್ ಮಾಡಿದರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟ.

ಮಾಡಬೇಕಾದ್ದು

ಜ್ವರ ಮೊದಲು ಬಂತೋ ನೋವು ಮೊದಲು ಬಂತೋ, ಡಾಕ್ಟರು ಕೇಳದಿದ್ದರೂ ಹೇಳಿ. ಅಪೆಂಡಿಕ್ಸ್‌ನಲ್ಲಿ ಸಾಮಾನ್ಯವಾಗಿ ನೋವೇ ಮೊದಲು: ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಇಳಿಯುತ್ತದೆ, ಜ್ವರ ಆಮೇಲೆ. ಡೆಂಗಿಯಲ್ಲಿ ಜ್ವರ, ಮೈಕೈ ನೋವು, ಕಣ್ಣುಗುಡ್ಡೆಯ ಹಿಂದಿನ ನೋವು ಮೊದಲು. ಜೋರಾದ ಹೊಟ್ಟೆನೋವು ಹೆಚ್ಚಾಗಿ 3ರಿಂದ 7ನೇ ದಿನದೊಳಗೆ.

ಜ್ವರ ಶುರುವಾದ ತಾರೀಕು ಬರೆದಿಡಿ. "ಒಂದ್ ನಾಲ್ಕೈದು ದಿನ ಆಯ್ತು" ಎಂದರೆ ಸಾಲದು. ಯಾವ ಡೆಂಗಿ ಪರೀಕ್ಷೆ ಎಂಬುದು ದಿನದ ಲೆಕ್ಕದ ಮೇಲೆ ನಿಂತಿದೆ: ಎನ್‌ಎಸ್1 ಪರೀಕ್ಷೆ ಮೊದಲ 5 ದಿನಕ್ಕೆ, ಐಜಿಎಂ ಅದರ ನಂತರಕ್ಕೆ.

ಜ್ವರ ಬಿಟ್ಟ ಹೊತ್ತಿಗೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತೇ ಡೆಂಗಿಯಲ್ಲಿ ಅಪಾಯದ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಎಚ್ಚರಿಕೆ ಲಕ್ಷಣಗಳಲ್ಲಿ ಹೊಟ್ಟೆನೋವೂ ಇದೆ.

ಕ್ಯಾಶುವಾಲ್ಟಿ ಸಿಬ್ಬಂದಿಗೆ: ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದು ಹಿಮಾಟೋಕ್ರಿಟ್ ಏರುತ್ತಿದ್ದರೆ, ರೋಗಿಯನ್ನು ಥಿಯೇಟರ್‌ಗೆ ಒಯ್ಯುವ ಮುಂಚೆ ಸರ್ಜನ್‌ಗೆ ಅದನ್ನು ಬಾಯಿಬಿಟ್ಟು ಹೇಳಿ. ರಿಪೋರ್ಟ್ ಫೈಲಿನಲ್ಲಿದೆ ಎಂದು ಸುಮ್ಮನಿರಬೇಡಿ.

ಮಾಡಬಾರದ್ದು

ಸ್ಕ್ಯಾನಿಂಗ್‌ನಲ್ಲಿ "ಪಿತ್ತಕೋಶದ ಗೋಡೆ ದಪ್ಪವಾಗಿದೆ" ಎಂದು ಬಂದ ಮಾತ್ರಕ್ಕೆ ಆಪರೇಷನ್‌ಗೆ ಒತ್ತಾಯಿಸಬೇಡಿ. ಡೆಂಗಿಯಲ್ಲಿ ಕಲ್ಲಿಲ್ಲದೆ ಬರುವ ಈ ಊತ ಸಾಮಾನ್ಯವಾಗಿ ಕಾಯಿಲೆ ವಾಸಿಯಾದಂತೆ ತಾನೇ ಇಳಿಯುತ್ತದೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗಬೇಡಿ. ಮೆಡಿಕಲ್ ಶಾಪಿನವರು ಕೊಟ್ಟರೂ ಬೇಡ. ಹೃದಯದ ಕಾಯಿಲೆಗೆ ಈಗಾಗಲೇ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಕ್ಷಣ ತಿಳಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಹೇಳಿದಷ್ಟೇ. ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಚುಚ್ಚಿದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಿ ಗಂಟಾಗಬಹುದು.

ವಾಂತಿ ಮಾಡುತ್ತಿರುವವರ ಬಾಯಿಗೆ ಪಪ್ಪಾಯಿ ಎಲೆಯ ರಸ ಸುರಿಯಬೇಡಿ. (ಇದನ್ನು ಪ್ರತಿ ಮಳೆಗಾಲದಲ್ಲೂ ಹೇಳಬೇಕಾಗಿದೆ.)

ಹಾಗೆಂದು ಡೆಂಗಿ ಪಾಸಿಟಿವ್ ಬಂತು, ಇನ್ನು ಸರ್ಜನ್ ಬೇಕಿಲ್ಲ ಎಂದುಕೊಳ್ಳಲೂಬಾರದು. ಡೆಂಗಿ ಇದ್ದವರಿಗೂ ಅಪೆಂಡಿಕ್ಸ್ ಬರಬಹುದು. ಹೊಟ್ಟೆ ಹಲಗೆಯಂತೆ ಬಿಗಿದರೆ, ಒಂದೇ ಜಾಗದ ನೋವು ಗಂಟೆಗಂಟೆಗೆ ಏರಿದರೆ ಸರ್ಜನ್ ಮತ್ತೆ ನೋಡಲೇಬೇಕು. ರಾತ್ರಿ ಎಷ್ಟು ಹೊತ್ತಾಗಿದ್ದರೂ ಕರೆಸಿ.