ಹಾಳೆಯೂ ತರಗೂ ಕೂಡಿದರೆ ನೀರಿನ ಉಳಿತಾಯ



ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ, ಕಾಯಿ ಕಚ್ಚಿದ ಟೊಮೇಟೊ ಗಿಡ ಕಣ್ಣೆದುರೇ ಬಾಡುವುದನ್ನು ನೀವು ಕಂಡಿದ್ದೀರಿ. ಸಸಿಗೆ, ಗೊಬ್ಬರಕ್ಕೆ, ಆಳಿಗೆ ಹಾಕಿದ ಹಣವೆಲ್ಲ ಕೊನೆಯ ನಾಲ್ಕು ನೀರು ಸಿಕ್ಕದೆ ಮಣ್ಣುಪಾಲಾಗುತ್ತದೆ. ಆದುದರಿಂದ ಹೊಸ ನೀರನ್ನು ಹುಡುಕುವ ಮೊದಲು, ಇರುವ ನೀರು ಎಲ್ಲಿ ಹೋಗುತ್ತದೆಂದು ನೋಡೋಣ.

ನೀರು ಹೋಗುವ ದಾರಿ

ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರು ನೀರು ನಿಂತರೆ ಅದು 1 ಲೀಟರು. ಬಿರುಬಿಸಿಲಿನ ದಿನ, ಆಗತಾನೆ ನೀರು ಹಾಯಿಸಿದ ಬರಿಯ ನೆಲದಿಂದ 5 ಮಿಲಿಮೀಟರಿನಷ್ಟು ನೀರು ಆವಿಯಾಗಬಹುದು. ಅಂದರೆ ಗುಂಟೆಗೆ 500 ಲೀಟರು! ಇದರಲ್ಲಿ ಗಿಡ ಕುಡಿದದ್ದು ಒಂದು ಹನಿಯೂ ಇಲ್ಲ. ನೆಲಕ್ಕೆ ಹೊದಿಕೆ ಹೊದಿಸಿದರೆ ಈ ನಷ್ಟ ಬಹಳ ಮಟ್ಟಿಗೆ ತಗ್ಗುತ್ತದೆ.

ಎರಡು ಹೊದಿಕೆ, ಎರಡು ಗುಣ

ಪ್ಲಾಸ್ಟಿಕ್ ಹಾಳೆ ಆವಿಯನ್ನು ತಡೆಯುತ್ತದೆ, ಕಳೆಯನ್ನು ಅಡಗಿಸುತ್ತದೆ. ಆದರೆ ಮಳೆ ಬಂದರೆ ನೀರು ಅದರ ಮೇಲಿಂದ ಜಾರಿ ಹೋಗುತ್ತದೆ. ತರಗು ಆವಿಯನ್ನು ಹಾಳೆಯಷ್ಟು ತಡೆಯಲಾರದು. ಆದರೆ ಮಳೆನೀರನ್ನು ಹಿಡಿದು ಇಂಗಿಸುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೀಗಾಗಿ ಏರುಮಡಿಗೆ ಹಾಳೆ, ನಡುವಣ ಕಾಲುವೆಗೆ ತರಗು ಎಂದು ನೆನಪಿಡಿ.

ಮಾಡುವ ಕ್ರಮ

1. ಹೆಂಟೆ ಒಡೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, 2½ ಅಡಿ ಅಗಲ, ಅರ್ಧ ಅಡಿ ಎತ್ತರದ ಮಡಿ ಮಾಡಿ.

2. ಹನಿ ನೀರಾವರಿಯ ಪೈಪನ್ನು ಮೊದಲು ಎಳೆಯಿರಿ. ನೀರು ಬಿಟ್ಟು ಎಲ್ಲ ತೂತುಗಳಿಂದಲೂ ಹನಿ ಬೀಳುತ್ತದೆಯೇ ನೋಡಿ. ಹಾಳೆ ಹಾಸಿದ ಮೇಲೆ ಕಟ್ಟಿಕೊಂಡ ತೂತು ಕಣ್ಣಿಗೆ ಬೀಳದು.

3. 4 ಅಡಿ ಅಗಲದ, 25ರಿಂದ 30 ಮೈಕ್ರಾನ್ ದಪ್ಪದ ಬೆಳ್ಳಿ-ಕಪ್ಪು ಹಾಳೆಯನ್ನು ಬಿಗಿಯಾಗಿ ಹಾಸಿ, ಅಂಚನ್ನು ಮಣ್ಣಿನಲ್ಲಿ ಹೂಳಿ. ಬೆಳ್ಳಿ ಮಗ್ಗುಲು ಮೇಲಿರಲಿ. ಕಪ್ಪು ಮಗ್ಗುಲು ಬಿಸಿಲಿಗೆ ಕಾಯುತ್ತದೆ.

4. ತೂತು ಮಾಡಿ ಸಂಜೆ ಹೊತ್ತು ಸಸಿ ನೆಡಿ. ಎಳೆಯ ಕಾಂಡ ಹಾಳೆಗೆ ತಾಗದಿರಲಿ.

5. ಕಾಲುವೆಯಲ್ಲಿ 3-4 ಅಂಗುಲ ತರಗು ಹರಡಿ. ದನದ ಮೇವನ್ನು ಇದಕ್ಕೆ ಬಳಸಬೇಡಿ. ಕಬ್ಬಿನ ತರಗು, ಅಡಿಕೆ ಸಿಪ್ಪೆ, ಒಣಗಿದ ಎಲೆ ಸಾಕು. ಗೆದ್ದಲಿನ ಮೇಲೆ ಕಣ್ಣಿಡಿ. ಜಡಿಮಳೆ ಬಂದಾಗ ಹೆಚ್ಚಿನ ನೀರು ಹೊರಹೋಗಲು ದಾರಿ ಬಿಡಿ.

ಎರಡು ಎಚ್ಚರಿಕೆ

ಹೊದಿಕೆ ಹಾಕಿ, ಹಿಂದಿನಷ್ಟೇ ನೀರು ಬಿಟ್ಟರೆ ಉಳಿತಾಯವೆಲ್ಲಿ? ಹಾಳೆಯಡಿಯ ಮಣ್ಣನ್ನು ಹಿಡಿಯಷ್ಟು ತೆಗೆದು ಅದುಮಿ ನೋಡಿ. ಉಂಡೆ ಕಟ್ಟಿದರೆ ಅಂದು ನೀರು ಬೇಡ.

ಬೆಳೆ ಮುಗಿದೊಡನೆ ಹಾಳೆಯನ್ನು ಪೂರ್ತಿ ಎತ್ತಿ ಹೊರಗೆ ಸಾಗಿಸಿ. ಉತ್ತು ಮಣ್ಣಿಗೆ ಸೇರಿಸಬಾರದು, ಸುಡಲೂಬಾರದು. ತರಗನ್ನು ಮಾತ್ರ ಮಣ್ಣಿಗೆ ಬೆರೆಸಿ.

ನಮ್ಮ ಮಾತನ್ನೇ ನಂಬಬೇಕೆಂದಿಲ್ಲ. ಈ ಬೇಸಿಗೆಯಲ್ಲಿ ಒಂದು ಗುಂಟೆಗೆ ಹೊದಿಸಿ, ಪಕ್ಕದ ಗುಂಟೆಯನ್ನು ಹಾಗೆಯೇ ಬಿಡಿ. ಎರಡಕ್ಕೂ ಪಂಪು ಎಷ್ಟು ಹೊತ್ತು ನಡೆಯಿತೆಂದು ಬರೆದಿಡಿ. ಲೆಕ್ಕ ನಿಮಗೇ ಹೇಳುತ್ತದೆ.